ವಯಸ್ಸಾದ ಪುಟ್ಟ ನಾಯಿಯ ಬಾಯಿ ವಾಸನೆ: ಗೆಲ್ಲಲು 15 ಸೂತ್ರಗಳು

ಹತ್ತು ವರ್ಷ ದಾಟಿದ ಪಾಮೇರಿಯನ್ ಮಡಿಲೇರಿ ಮುಖದ ಹತ್ತಿರ ಬಂದರೆ ಮನೆಯವರು ಮುಖ ತಿರುಗಿಸುತ್ತಾರೆ. ‘ವಯಸ್ಸಾಯ್ತಲ್ಲ, ವಾಸನೆ ಇದ್ದದ್ದೇ’ ಎಂದು ಮಾತು ಮುಗಿಯುತ್ತದೆ. ಅಲ್ಲಿಗೆ ಮುಗಿಸಬೇಡಿ. ಆರೋಗ್ಯವಾಗಿರುವ ನಾಯಿಯ ಬಾಯಿ, ಅದಕ್ಕೆ ಹದಿನಾಲ್ಕು ವರ್ಷವಾಗಿದ್ದರೂ, ಮೂಗು ಮುಚ್ಚಿಕೊಳ್ಳುವಷ್ಟು ನಾರುವುದಿಲ್ಲ. ನಾರುತ್ತಿದ್ದರೆ ಒಳಗೆ ಸೋಂಕು ಇರುವ ಸಾಧ್ಯತೆಯೇ ಹೆಚ್ಚು, ಅದರ ಜೊತೆಗೆ ನೋವೂ ಇರಬಹುದು. ವಾಸನೆಯನ್ನು ಮುಚ್ಚುವ ದಾರಿಗಳು ಹತ್ತಾರು ಇವೆ, ಒಂದೂ ಬಾಳುವುದಿಲ್ಲ. ಕಾರಣ ಹುಡುಕಿ, ಬಾಯಿ ಶುಚಿ ಮಾಡಿಸಿ, ಆ ಶುಚಿಯನ್ನು ದಿನವೂ ಕಾಯುವುದೊಂದೇ ಬಾಳುವ ದಾರಿ. ಇದನ್ನು ಇದೇ ಕ್ರಮದಲ್ಲಿ ಮಾಡಿದರೆ ಮುದಿ ನಾಯಿಯ ಬಾಯಿಯೂ ಸುಧಾರಿಸುತ್ತದೆ.

1. ಪುಟ್ಟ ನಾಯಿಗೇ ಈ ತೊಂದರೆ ಹೆಚ್ಚೇಕೆ ಎಂದು ತಿಳಿಯಿರಿ

ಜರ್ಮನ್ ಶೆಫರ್ಡ್‌ಗೂ 42 ಹಲ್ಲು, ನಿಮ್ಮ ಮೂರು ಕಿಲೋ ಚಿವಾವಾಗೂ 42 ಹಲ್ಲು. ಪುಟ್ಟ ದವಡೆಯಲ್ಲಿ ಅಷ್ಟೂ ಹಲ್ಲು ಒತ್ತೊತ್ತಾಗಿ, ಕೆಲವು ಓರೆಯಾಗಿ ನಿಲ್ಲುತ್ತವೆ. ಪಗ್, ಶಿ ಟ್ಸುಗಳಂಥ ಚಪ್ಪಟೆ ಮೂತಿಯ ತಳಿಗಳಲ್ಲಿ ಜಾಗ ಇನ್ನೂ ಕಡಿಮೆ. ಚಿಕ್ಕ ತಳಿಗಳಲ್ಲಿ ಕೆಲವು ಹಾಲುಹಲ್ಲುಗಳು ಬೀಳದೆ ಹೊಸ ಹಲ್ಲಿನ ಪಕ್ಕದಲ್ಲೇ ಉಳಿಯುವುದೂ ಉಂಟು. ಈ ಸಂದುಗಳಲ್ಲಿ ಆಹಾರದ ಕಣ ಸೇರಿ ಬ್ಯಾಕ್ಟೀರಿಯಾದ ಪಾಚಿ ಕಟ್ಟುತ್ತದೆ. ಕೆಲವೇ ದಿನಗಳಲ್ಲಿ ಜೊಲ್ಲಿನ ಖನಿಜಗಳು ಸೇರಿ ಅದು ಕಂದು ಬಣ್ಣದ ಗಟ್ಟಿ ಟಾರ್ಟರ್ ಆಗುತ್ತದೆ. ನಾಯಿಯ ಜೊಲ್ಲು ನಮ್ಮದಕ್ಕಿಂತ ಹೆಚ್ಚು ಕ್ಷಾರೀಯ. ಹಾಗಾಗಿ ಅದಕ್ಕೆ ಹುಳುಕು ಹಲ್ಲು ಅಪರೂಪ, ಟಾರ್ಟರ್ ಮಾತ್ರ ಬೇಗ. ವಸಡಿನ ಕೆಳಗೆ, ಗಾಳಿಯಾಡದ ಕಡೆ ಬೆಳೆಯುವ ಬ್ಯಾಕ್ಟೀರಿಯಾಗಳು ಪ್ರೋಟೀನನ್ನು ಕೊಳೆಸಿ ಗಂಧಕದ ಅನಿಲಗಳನ್ನು ಬಿಡುತ್ತವೆ. ನಿಮ್ಮ ಮೂಗಿಗೆ ಬಡಿಯುವುದು ಅದೇ.

2. ವಾರಕ್ಕೊಮ್ಮೆ ತುಟಿ ಎತ್ತಿ ನೋಡಿ

ಬಾಯಿ ಅಗಲಿಸಬೇಕಿಲ್ಲ. ನಾಯಿಯನ್ನು ಮಡಿಲಲ್ಲಿ ಕೂರಿಸಿಕೊಂಡು, ಬೆಳಕಿನ ಕಡೆ ತಿರುಗಿಸಿ, ಪಕ್ಕದ ತುಟಿಯನ್ನು ಮೆಲ್ಲಗೆ ಮೇಲೆತ್ತಿ. ಮುಂದಿನ ಹಲ್ಲು ಬೆಳ್ಳಗಿದೆ ಎಂದು ಅಲ್ಲಿಗೇ ನಿಲ್ಲಿಸಬೇಡಿ. ಕಣ್ಣಿನ ನೇರಕ್ಕೆ ಕೆಳಗೆ, ಮೇಲ್ದವಡೆಯ ಹಿಂಭಾಗದಲ್ಲಿರುವ ದೊಡ್ಡ ಹಲ್ಲನ್ನು ನೋಡಿ. ಜೊಲ್ಲಿನ ನಾಳ ತೆರೆಯುವುದು ಅದರ ಹತ್ತಿರವೇ, ಆದ್ದರಿಂದ ಟಾರ್ಟರ್ ಮೊದಲು ಮತ್ತು ದಪ್ಪವಾಗಿ ಕಟ್ಟುವುದೂ ಅಲ್ಲೇ. ವಸಡಿನ ಅಂಚಿನಲ್ಲಿ ಕೆಂಪು ಗೆರೆ, ರಕ್ತ, ಕೀವು, ಅಲ್ಲಾಡುವ ಹಲ್ಲು, ಮುರಿದ ತುದಿ, ಒಂದು ಕಡೆ ಮಾತ್ರ ಬೆಳೆದ ಗಂಟು ಇವೆಯೇ ಗಮನಿಸಿ. ಎರಡೂ ಬದಿಯ ಫೋಟೊ ತೆಗೆದಿಡಿ. ಮುಂದಿನ ತಿಂಗಳ ಫೋಟೊ ಪಕ್ಕದಲ್ಲಿಟ್ಟರೆ ಬದಲಾವಣೆ ತಾನಾಗಿ ಕಾಣುತ್ತದೆ.

3. ವಾಸನೆಯ ಬಗೆಯನ್ನೂ ಗಮನಿಸಿ

ಕೊಳೆತ ವಾಸನೆಯಾದರೆ ಹಲ್ಲು ಮತ್ತು ವಸಡಿನ ಮೇಲೆ ಮೊದಲ ಅನುಮಾನ. ಮೂತ್ರದಂಥ, ಅಮೋನಿಯದಂಥ ಘಾಟಿದ್ದು, ನೀರು ಕುಡಿಯುವುದು ಹೆಚ್ಚಾಗಿ ತೂಕ ಇಳಿಯುತ್ತಿದ್ದರೆ ಮೂತ್ರಪಿಂಡದ ಕಾಯಿಲೆ ಇರಬಹುದು. ಹಣ್ಣಿನಂಥ ಸಿಹಿ ವಾಸನೆ ಬಂದು ನಾಯಿ ಸುಸ್ತಾಗಿದ್ದರೆ ಅದು ನಿಯಂತ್ರಣ ತಪ್ಪಿದ ಮಧುಮೇಹದ ಲಕ್ಷಣವಾಗಿರಬಹುದು, ಅದೇ ದಿನ ವೈದ್ಯರಲ್ಲಿಗೆ ಹೋಗಿ. ತುಟಿಯ ಮಡಿಕೆಯಲ್ಲಿ ತೇವ ನಿಂತು ಚರ್ಮ ಕೊಳೆತರೂ ಬಾಯಿಯೇ ನಾರಿದಂತೆ ತೋರುತ್ತದೆ. ಮೀನಿನಂಥ ವಾಸನೆ ಆಗಾಗ ಬರುತ್ತಿದ್ದು, ನಾಯಿ ಹಿಂಬದಿ ನೆಕ್ಕಿಕೊಳ್ಳುತ್ತಿದ್ದರೆ ಗುದದ ಬಳಿಯ ಗ್ರಂಥಿಗಳನ್ನು ಪರೀಕ್ಷಿಸಬೇಕು. ಒಂದೇ ಹೊಳ್ಳೆಯಿಂದ ಸಿಂಬಳ ಸೋರುತ್ತಾ ಸೀನುತ್ತಿದ್ದರೆ ಮೇಲಿನ ಕೋರೆಹಲ್ಲಿನ ಬೇರಿನ ಸೋಂಕು ಮೂಗಿನವರೆಗೆ ತೂತು ಕೊರೆದಿರಬಹುದು. ಡ್ಯಾಶ್‌ಹುಂಡ್‌ಗಳಲ್ಲಿ ಇದು ವಿಶೇಷವಾಗಿ ಕಾಣುವ ತೊಂದರೆ. ಇವುಗಳಲ್ಲಿ ಯಾವುದನ್ನೂ ಮನೆಯಲ್ಲೇ ಖಚಿತ ಮಾಡಿಕೊಳ್ಳಬೇಕಿಲ್ಲ. ಕಂಡದ್ದನ್ನು ಬರೆದಿಟ್ಟುಕೊಂಡು ವೈದ್ಯರಿಗೆ ಹೇಳಿದರೆ ಸಾಕು.

4. ‘ಚೆನ್ನಾಗಿ ತಿನ್ನುತ್ತದೆ’ ಎಂದು ನೆಮ್ಮದಿಯಾಗಬೇಡಿ

ಹಲ್ಲು ನೋವಿದ್ದರೂ ನಾಯಿ ಊಟ ಬಿಡುವುದು ಕಡಿಮೆ. ಅಗಿಯದೆ ನುಂಗುತ್ತದೆ, ಒಂದೇ ಬದಿಯಲ್ಲಿ ಅಗಿಯುತ್ತದೆ, ತುತ್ತು ಬಾಯಿಂದ ಬೀಳಿಸಿ ಮತ್ತೆ ಎತ್ತಿಕೊಳ್ಳುತ್ತದೆ. ಗಟ್ಟಿ ಬಿಸ್ಕತ್ತು ಬಿಟ್ಟು ಮೊಸರನ್ನಕ್ಕೆ ಮಾತ್ರ ಓಡಿ ಬರುತ್ತದೆ. ತಲೆ ಸವರಲು ಹೋದರೆ ಹಿಂಜರಿಯುತ್ತದೆ, ಮುಖವನ್ನು ಸೋಫಾಗೆ ಉಜ್ಜುತ್ತದೆ, ಆಟದ ಚೆಂಡನ್ನು ಕಚ್ಚುವುದು ಬಿಡುತ್ತದೆ. ಇವನ್ನೆಲ್ಲ ಮುಪ್ಪಿನ ಲೆಕ್ಕಕ್ಕೆ ಬರೆಯುವುದರಿಂದ ನಾಯಿ ವರ್ಷಗಟ್ಟಲೆ ನೋವು ತಿನ್ನುತ್ತದೆ. ಹಲ್ಲಿನ ಚಿಕಿತ್ಸೆ ಆದ ಮೇಲೆ ಮುದಿ ನಾಯಿ ಮತ್ತೆ ಆಟಕ್ಕೆ ಬರುವುದನ್ನು ಕಂಡವರಿಗೆ ಅದು ಮುಪ್ಪಿನ ಮಂಕಾಗಿರಲಿಲ್ಲ ಎಂಬುದು ತಿಳಿಯುತ್ತದೆ.

5. ಮೊದಲು ವೈದ್ಯರು, ಆಮೇಲೆ ಬ್ರಷ್

ಹೆಚ್ಚಿನವರು ಕ್ರಮ ತಪ್ಪುವುದು ಇಲ್ಲೇ. ವಾಸನೆ ಬಂದ ಕೂಡಲೇ ಬ್ರಷ್ ತಂದು ಉಜ್ಜಲು ಕೂರುತ್ತಾರೆ. ಊದಿದ ವಸಡಿಗೆ ಬ್ರಷ್ ತಾಗಿದರೆ ನೋವಾಗುತ್ತದೆ, ಆ ನೋವನ್ನು ನಾಯಿ ಬ್ರಷ್‌ನೊಂದಿಗೆ ಜೋಡಿಸಿಕೊಳ್ಳುತ್ತದೆ, ಮುಂದೆ ಹತ್ತಿರ ಬಿಡುವುದೇ ಇಲ್ಲ. ಅಲ್ಲದೆ ಕಲ್ಲಾದ ಟಾರ್ಟರ್ ಬ್ರಷ್‌ಗೆ ಬಿಡುವುದೂ ಇಲ್ಲ. ಮೊದಲು ಪಶುವೈದ್ಯರಿಗೆ ತೋರಿಸಿ. ವಯಸ್ಸಾದ ನಾಯಿಯಾದರೆ ರಕ್ತ ಪರೀಕ್ಷೆಯಲ್ಲಿ ಮೂತ್ರಪಿಂಡ, ಯಕೃತ್ತು, ಸಕ್ಕರೆ ಮೂರನ್ನೂ ನೋಡಲು ಕೇಳಿ, ಮೂತ್ರ ಪರೀಕ್ಷೆಯನ್ನೂ ಮಾಡಿಸಿ. ಹೃದಯದ ಬಡಿತ ಆಲಿಸಲೇಬೇಕು, ಏಕೆಂದರೆ ಪುಟ್ಟ ತಳಿಗಳಲ್ಲಿ ವಯಸ್ಸಾದಂತೆ ಹೃದಯದ ಮೈಟ್ರಲ್ ಕವಾಟ ಸಡಿಲವಾಗುವುದು ಸಾಮಾನ್ಯ. ಊರಿನ ಚಿಕಿತ್ಸಾಲಯದಲ್ಲಿ ಹಲ್ಲಿನ ಸಲಕರಣೆ ಇಲ್ಲದಿದ್ದರೆ ದೊಡ್ಡ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಹೊರಡುವ ಮೊದಲು ಫೋನ್ ಮಾಡಿ, ಹಲ್ಲಿನ ಚಿಕಿತ್ಸೆಯ ಸೌಲಭ್ಯ ಇದೆಯೇ ಎಂದು ವಿಚಾರಿಸಿ.

6. ಅರಿವಳಿಕೆಗೆ ಹೆದರಿ ಮುಂದೂಡಬೇಡಿ, ಸರಿಯಾದ ಪ್ರಶ್ನೆ ಕೇಳಿ

‘ಈ ವಯಸ್ಸಿಗೆ ಅನಸ್ತೇಶಿಯಾ ತಡೆಯುತ್ತಾ?’ ಎಂಬ ಆತಂಕ ಎಲ್ಲರಿಗೂ ಇದೆ, ಇರಬೇಕಾದದ್ದೇ. ಆದರೆ ವಯಸ್ಸು ತಾನೇ ಒಂದು ಕಾಯಿಲೆಯಲ್ಲ. ಹೃದಯ, ಮೂತ್ರಪಿಂಡ, ಯಕೃತ್ತು ಹೇಗಿವೆ ಎಂಬುದರ ಮೇಲೆ ಅಪಾಯ ನಿಂತಿದೆ, ಅದನ್ನು ಪರೀಕ್ಷೆಯಿಂದ ತಿಳಿಯಬಹುದು. ಅಪಾಯ ಇದ್ದರೆ ಔಷಧಿ, ಪ್ರಮಾಣ, ಅವಧಿ ಬದಲಿಸಿ ಯೋಜನೆ ಮಾಡಬಹುದು. ವೈದ್ಯರನ್ನು ಹೀಗೆ ಕೇಳಿ: ಉಸಿರಿನ ಕೊಳವೆ ಹಾಕುತ್ತೀರಾ? ಹೃದಯ ಬಡಿತ, ರಕ್ತದೊತ್ತಡ, ಆಮ್ಲಜನಕವನ್ನು ನೋಡಿಕೊಳ್ಳಲೆಂದೇ ಒಬ್ಬರು ಇರುತ್ತಾರಾ? ಡ್ರಿಪ್ ಹಾಕುತ್ತೀರಾ? ಮೈ ಬೆಚ್ಚಗಿಡಲು ಏನು ವ್ಯವಸ್ಥೆ? ಪುಟ್ಟ ನಾಯಿಯ ಮೈ ಬೇಗ ತಣ್ಣಗಾಗುತ್ತದೆ, ರಕ್ತದ ಸಕ್ಕರೆಯೂ ಬೇಗ ಇಳಿಯಬಹುದು. ಹಾಗಾಗಿ ಎಷ್ಟು ಗಂಟೆ ಉಪವಾಸ ಇಡಬೇಕೆಂಬುದನ್ನು ವೈದ್ಯರಿಂದಲೇ ಕೇಳಿಕೊಳ್ಳಿ. ಈಗ ಕೊಡುತ್ತಿರುವ ಎಲ್ಲ ಔಷಧಿಗಳ ಪಟ್ಟಿಯನ್ನೂ ಕೊಡಿ.

7. ಎಚ್ಚರವಿರುವ ನಾಯಿಗೆ ಸ್ಕೇಲಿಂಗ್ ಬೇಡ

ಅರಿವಳಿಕೆ ಇಲ್ಲದೆ ಹಲ್ಲು ಕೆರೆದು ಬೆಳ್ಳಗೆ ಮಾಡಿಕೊಡುತ್ತೇವೆ ಎನ್ನುವವರಿದ್ದಾರೆ. ಖರ್ಚು ಕಡಿಮೆ, ಭಯವಿಲ್ಲ ಎಂದು ಒಪ್ಪಿಬಿಡುವುದು ಸುಲಭ. ಕಾಯಿಲೆ ಇರುವುದು ವಸಡಿನ ಕೆಳಗೆ, ಎಚ್ಚರವಿರುವ ನಾಯಿ ಅಲ್ಲಿಗೆ ಉಪಕರಣ ಹೋಗಲು ಬಿಡುವುದಿಲ್ಲ. ಮೇಲ್ಭಾಗ ಮಾತ್ರ ಬೆಳ್ಳಗಾಗಿ, ಒಳಗಿನ ಕೀವು ಹಾಗೇ ಉಳಿದು, ಎಲ್ಲ ಸರಿಯಾಯಿತೆಂಬ ತಪ್ಪು ಭರವಸೆ ಹುಟ್ಟುತ್ತದೆ. ನಾಯಿಯನ್ನು ಗಟ್ಟಿಯಾಗಿ ಹಿಡಿಯಬೇಕಾಗುತ್ತದೆ, ಅದು ಒದ್ದಾಡಿದರೆ ವಸಡು ಹರಿಯುತ್ತದೆ. ವಿಶ್ವದ ಸಣ್ಣಪ್ರಾಣಿ ಪಶುವೈದ್ಯರ ಸಂಘಟನೆ ಡಬ್ಲ್ಯುಎಸ್‌ಎವಿಎ ತನ್ನ ಹಲ್ಲಿನ ಮಾರ್ಗಸೂಚಿಯಲ್ಲಿ ಇದನ್ನು ಸ್ಪಷ್ಟವಾಗಿ ವಿರೋಧಿಸಿದೆ. ಸರಿಯಾದ ಚಿಕಿತ್ಸೆಯಲ್ಲಿ ಪ್ರತಿ ಹಲ್ಲಿನ ಸುತ್ತ ವಸಡಿನ ಆಳ ಅಳೆಯುತ್ತಾರೆ, ಎಕ್ಸ್-ರೇ ತೆಗೆಯುತ್ತಾರೆ, ವಸಡಿನ ಮೇಲೂ ಕೆಳಗೂ ಶುಚಿ ಮಾಡಿ ಕೊನೆಗೆ ಪಾಲಿಶ್ ಮಾಡುತ್ತಾರೆ. ಪಾಲಿಶ್ ಬಿಟ್ಟರೆ ಒರಟಾದ ಮೇಲ್ಮೈಗೆ ಪಾಚಿ ಮತ್ತೆ ಬೇಗ ಅಂಟುತ್ತದೆ.

8. ಕೆಟ್ಟ ಹಲ್ಲು ಕೀಳಿಸಲು ಒಪ್ಪಿಕೊಳ್ಳಿ

ವಸಡು ಕೆಂಪಾಗಿ ಊದಿದ ಹಂತದಲ್ಲಿದ್ದರೆ ಪೂರ್ತಿ ಸರಿಹೋಗುತ್ತದೆ. ಹಲ್ಲನ್ನು ಹಿಡಿದ ಎಲುಬೇ ಕರಗಿದ್ದರೆ ಅದು ತಾನಾಗಿ ಮರಳಿ ಬೆಳೆಯುವುದಿಲ್ಲ. ಅಂಥ ಹಲ್ಲನ್ನು ಉಳಿಸಿದಷ್ಟು ದಿನ ಸೋಂಕು ಉಳಿಯುತ್ತದೆ. ಪುಟ್ಟ ನಾಯಿಯಲ್ಲಿ ಇನ್ನೊಂದು ಅಪಾಯವಿದೆ. ಕೆಳದವಡೆ ತೆಳು, ಅಲ್ಲಿನ ದೊಡ್ಡ ಹಲ್ಲಿನ ಬೇರು ದವಡೆಯ ಬಹುಪಾಲು ಆಳವನ್ನು ತುಂಬಿರುತ್ತದೆ. ಸುತ್ತಲಿನ ಎಲುಬು ಕರಗಿದರೆ ಸೋಫಾದಿಂದ ಹಾರಿದಷ್ಟಕ್ಕೇ ದವಡೆ ಮುರಿಯಬಹುದು. ಹತ್ತು ಹಲ್ಲು ಹೋದರೆ ಹೇಗೆ ತಿನ್ನುತ್ತದೆ ಎಂಬ ಚಿಂತೆ ಬೇಡ. ನೋಯುವ ಹಲ್ಲಿಗಿಂತ ಗಾಯ ಮಾಗಿದ ಬೋಳು ವಸಡು ಎಷ್ಟೋ ಮೇಲು. ಪೂರ್ತಿ ಹಲ್ಲಿಲ್ಲದ ನಾಯಿಯೂ ಮೆತ್ತನೆಯ ಊಟ ಉಂಡು ಸುಖವಾಗಿರುತ್ತದೆ. ಕೀಳಿಸಿದ ಮೇಲೆ ನೋವಿನ ಔಷಧಿ ಹೇಳಿದಷ್ಟು ದಿನ ಕೊಡಿ, ಒಂದೆರಡು ವಾರ ಮೆತ್ತನೆಯ ಊಟ ಹಾಕಿ, ಹೊಲಿಗೆ ತೋರಿಸಲು ಹೇಳಿದ ದಿನ ತಪ್ಪದೆ ಹೋಗಿ.

9. ಬ್ರಷ್ ಮಾಡುವುದನ್ನು ಮೆಟ್ಟಿಲು ಮೆಟ್ಟಿಲಾಗಿ ಕಲಿಸಿ

ವೈದ್ಯರು ‘ಈಗ ಶುರು ಮಾಡಿ’ ಎಂದ ದಿನದಿಂದ ಆರಂಭಿಸಿ. ಹನ್ನೆರಡು ವರ್ಷದ ನಾಯಿಯೂ ಕಲಿಯುತ್ತದೆ, ಆತುರ ಮಾಡಿದರೆ ಮಾತ್ರ ಕೆಡುತ್ತದೆ.

ಮೊದಲು ಕೆಲವು ದಿನ ಬೆರಳಿಗೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದ ಕೋಳಿ ಬೇಯಿಸಿದ ನೀರು ಹಚ್ಚಿ ನೆಕ್ಕಿಸಿ. ಆಮೇಲೆ ಅದೇ ಬೆರಳಿನಿಂದ ತುಟಿಯೊಳಗೆ ಹಲ್ಲಿನ ಹೊರಬದಿ ಸವರಿ. ನಂತರ ಬೆರಳಿಗೆ ತೆಳು ಬಟ್ಟೆ ಸುತ್ತಿ ಒರೆಸಿ. ಅದೂ ಒಗ್ಗಿದ ಮೇಲೆ ಪುಟ್ಟ ಮಕ್ಕಳ ಮೆತ್ತನೆಯ ಬ್ರಷ್ ತನ್ನಿ. ಪ್ರತಿ ಮೆಟ್ಟಿಲಲ್ಲೂ ನಾಯಿ ನಿರಾಳವಾದ ಮೇಲೆಯೇ ಮುಂದಿನದಕ್ಕೆ ಹೋಗಿ, ಪ್ರತಿ ಸಲವೂ ಮುಗಿದ ಕೂಡಲೇ ಮುದ್ದು ಮಾಡಿ.

ನಾಯಿಯ ಬೆನ್ನು ನಿಮ್ಮ ಎದೆಗೆ ತಾಗುವಂತೆ ಮಡಿಲಲ್ಲಿ ಕೂರಿಸಿಕೊಳ್ಳಿ. ಕುತ್ತಿಗೆ ಅಮುಕಬೇಡಿ, ಗದ್ದದ ಕೆಳಗೆ ಅಂಗೈ ಕೊಟ್ಟು ಆಧಾರ ಮಾಡಿ. ಪುಟ್ಟ ತಳಿಗಳಲ್ಲಿ ವಯಸ್ಸಾದಂತೆ ಶ್ವಾಸನಾಳ ಸಡಿಲವಾಗುವುದರಿಂದ ಗಂಟಲು ಒತ್ತಿದರೆ ಕೆಮ್ಮು ಬರುತ್ತದೆ. ಕಣ್ಣು ಮಂಜಾದ ನಾಯಿಯಾದರೆ ಮುಟ್ಟುವ ಮೊದಲು ಹೆಸರು ಹಿಡಿದು ಕರೆಯಿರಿ. ಬ್ರಷ್‌ನ ಕೂದಲನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿದು ಸಣ್ಣ ಸುತ್ತುಗಳಲ್ಲಿ ಉಜ್ಜಿ. ಹೊರಬದಿ ಸಾಕು, ಒಳಬದಿಯನ್ನು ನಾಲಿಗೆ ಬಹುಮಟ್ಟಿಗೆ ನೋಡಿಕೊಳ್ಳುತ್ತದೆ. ಒಂದು ಬದಿಗೆ ಅರ್ಧ ನಿಮಿಷ ಕೊಟ್ಟರೆ ಸಾಲುತ್ತದೆ.

10. ದಿನವೂ ಮಾಡಿ, ಒಂದೇ ಹೊತ್ತಿಗೆ ಮಾಡಿ

ಇಂದು ಕಟ್ಟಿದ ಪಾಚಿ ನಾಳೆಗೆ ಇನ್ನೂ ಮೆತ್ತಗಿರುತ್ತದೆ, ಕೆಲವು ದಿನ ಬಿಟ್ಟರೆ ಕಲ್ಲಾಗುತ್ತದೆ. ವಾರಕ್ಕೊಮ್ಮೆ ಹತ್ತು ನಿಮಿಷ ಉಜ್ಜುವುದಕ್ಕಿಂತ ದಿನಕ್ಕೊಂದು ನಿಮಿಷ ಉಜ್ಜುವುದು ಹೆಚ್ಚು ಫಲ ಕೊಡುವುದು ಇದಕ್ಕಾಗಿಯೇ. ರಾತ್ರಿ ಊಟದ ನಂತರ, ಮಲಗುವ ಮುನ್ನ ಎಂದು ಗೊತ್ತುಮಾಡಿಕೊಂಡರೆ ನಾಯಿಯೇ ಹೊತ್ತು ಕಾಯುತ್ತದೆ. ಒಂದು ದಿನ ಹಿಂಜರಿದರೆ ಬಲವಂತ ಬೇಡ, ಆ ದಿನ ಬೆರಳಿನಿಂದ ಸವರಿ ಬಿಡಿ. ಚೆನ್ನಾಗಿ ಒಗ್ಗಿದ್ದ ನಾಯಿ ಒಮ್ಮೆಲೇ ಒಂದು ಬದಿ ಮುಟ್ಟಲು ಬಿಡದಿದ್ದರೆ ಅಲ್ಲಿ ಹೊಸ ನೋವಿದೆ ಎಂದು ತಿಳಿದು ವೈದ್ಯರಿಗೆ ತೋರಿಸಿ.

11. ನಮ್ಮ ಟೂತ್‌ಪೇಸ್ಟ್ ನಾಯಿಗೆ ಬೇಡವೇ ಬೇಡ

ನಾವು ಉಗುಳುತ್ತೇವೆ, ನಾಯಿ ನುಂಗುತ್ತದೆ. ಫ್ಲೋರೈಡ್ ಮತ್ತು ನೊರೆ ಬರಿಸುವ ವಸ್ತುಗಳು ಹೊಟ್ಟೆ ಕೆಡಿಸುತ್ತವೆ. ಕೆಲವು ಪೇಸ್ಟ್, ಮೌತ್‌ವಾಶ್, ಸಕ್ಕರೆರಹಿತ ಚೂಯಿಂಗ್ ಗಮ್‌ಗಳಲ್ಲಿರುವ ಜೈಲಿಟಾಲ್ ನಾಯಿಗೆ ವಿಷ. ದೇಹದ ತೂಕದ ಕಿಲೋಗೆ 0.1 ಗ್ರಾಂನಷ್ಟು ಹೊಟ್ಟೆಗೆ ಹೋದರೂ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅದಕ್ಕಿಂತ ಹೆಚ್ಚಾದರೆ ಯಕೃತ್ತೂ ಹಾಳಾಗಬಹುದು. ನಾಲ್ಕು ಕಿಲೋ ನಾಯಿಯ ಸಕ್ಕರೆ ಹಾಗೆ ಇಳಿಯಲು ಅರ್ಧ ಗ್ರಾಂ ಕೂಡ ಬೇಕಿಲ್ಲ. ನಾಯಿಗಳಿಗೆಂದೇ ಮಾಡಿದ, ಕಿಣ್ವ ಬೆರೆಸಿದ, ಕೋಳಿ ಅಥವಾ ಮಾಂಸದ ರುಚಿಯ ಪೇಸ್ಟ್ ಪೆಟ್ ಅಂಗಡಿಗಳಲ್ಲಿ ಸಿಗುತ್ತದೆ. ಬಟಾಣಿ ಕಾಳಿನಷ್ಟು ಸಾಕು. ಪೇಸ್ಟ್ ಸಿಗದಿದ್ದರೆ ನೀರಲ್ಲಿ ಅದ್ದಿದ ಬ್ರಷ್ ಸಾಕು. ಪಾಚಿಯನ್ನು ಕೀಳುವುದು ಮುಖ್ಯವಾಗಿ ಬ್ರಷ್‌ನ ಉಜ್ಜುವಿಕೆ.

12. ಮೂಳೆ, ಕೊಂಬು, ಗೊರಸು ಕೊಡಬೇಡಿ

ಮೂಳೆ ಕಡಿದರೆ ಹಲ್ಲು ಶುಚಿಯಾಗುತ್ತದೆ ಎಂಬ ನಂಬಿಕೆ ಬಲವಾಗಿದೆ. ವಯಸ್ಸಾದ ಪುಟ್ಟ ನಾಯಿಯ ಹಲ್ಲು ಇದಕ್ಕೆ ಸೀಳುತ್ತದೆ, ಸೀಳಿದ ಹಲ್ಲಿನ ಬೇರಿಗೆ ಸೋಂಕು ಇಳಿದು ಕಣ್ಣಿನ ಕೆಳಗೆ ಊತ ಬರುತ್ತದೆ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಒಡೆದು ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಳ್ಳುತ್ತದೆ. ಅಗಿಯಲು ಏನೇ ಕೊಡುವ ಮೊದಲು ಉಗುರಿನಿಂದ ಒತ್ತಿ ನೋಡಿ. ಉಗುರಿನ ಗುರುತು ಮೂಡದಿದ್ದರೆ ಅದು ನಿಮ್ಮ ನಾಯಿಗೆ ತೀರಾ ಗಟ್ಟಿ. ಡೆಂಟಲ್ ಚ್ಯೂ ಕೊಳ್ಳುವುದಾದರೆ ಪೊಟ್ಟಣದ ಮೇಲೆ ವಿಒಎಚ್‌ಸಿ ಮುದ್ರೆ ಇದೆಯೇ ನೋಡಿ. ಅಮೆರಿಕದ ವೆಟರ್ನರಿ ಓರಲ್ ಹೆಲ್ತ್ ಕೌನ್ಸಿಲ್ ಪ್ರಯೋಗದ ಫಲಿತಾಂಶ ಪರಿಶೀಲಿಸಿ ಕೊಡುವ ಮುದ್ರೆ ಅದು. ನಾಯಿಯ ತೂಕಕ್ಕೆ ಹೊಂದುವ ಅಳತೆಯದನ್ನೇ ಆರಿಸಿ, ತಿನ್ನುವಾಗ ಪಕ್ಕದಲ್ಲಿರಿ, ಅದರ ಕ್ಯಾಲೊರಿಯಷ್ಟು ಊಟ ಕಡಿಮೆ ಮಾಡಿ. ಚ್ಯೂ ಬ್ರಷ್‌ಗೆ ನೆರವು, ಬ್ರಷ್‌ಗೆ ಬದಲಿ ಆಗಲಾರದು.

13. ಊಟದ ತಟ್ಟೆಯನ್ನು ಸರಿಮಾಡಿ

ಹಾಲಲ್ಲಿ ನೆನೆಸಿದ ಬಿಸ್ಕತ್ತು, ಬ್ರೆಡ್ಡು, ಸಿಹಿತಿಂಡಿಯ ಚೂರು ಹಲ್ಲಿನ ಸಂದಿಗೆ ಅಂಟಿ ಉಳಿಯುತ್ತವೆ, ತೂಕವನ್ನೂ ಏರಿಸುತ್ತವೆ. ಬಿಸ್ಕತ್ತಿನ ಬದಲು ಬೇಯಿಸಿದ ಕೋಳಿಯ ಚೂರು, ಕ್ಯಾರೆಟ್ ತುಂಡು, ಸೌತೆಕಾಯಿ ಕೊಡಿ. ಹಲ್ಲು ಕಡಿಮೆ ಇದ್ದರೆ ಬೇಯಿಸಿ ಮೆದುಮಾಡಿ. ಒಣ ಆಹಾರ ತಿಂದರೆ ಹಲ್ಲು ತಾನಾಗಿ ಶುಚಿಯಾಗುತ್ತದೆ ಎಂದು ನೆಚ್ಚಬೇಡಿ. ಸಾಮಾನ್ಯ ಕಿಬ್ಬಲ್ ಹಲ್ಲಿನ ತುದಿ ತಾಗಿದೊಡನೆ ಪುಡಿಯಾಗುತ್ತದೆ, ವಸಡಿನ ಅಂಚಿಗೆ ತಲುಪುವುದೇ ಇಲ್ಲ. ಹಲ್ಲಿಗೆಂದೇ ರೂಪಿಸಿದ ವಿಶೇಷ ಆಹಾರವಿದೆ, ಮೂತ್ರಪಿಂಡದ ತೊಂದರೆ ಇರುವ ನಾಯಿಗೆ ಅದು ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಿಯೇ ಬದಲಿಸಿ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಯಾವ ವಯಸ್ಸಿನ ನಾಯಿಗೂ ಬೇಡ. ನೀರಿನ ಬಟ್ಟಲನ್ನು ದಿನವೂ ತೊಳೆದು ಹೊಸ ನೀರು ತುಂಬಿ.

14. ಮನೆಮದ್ದು, ಮನೆ ಮಾತ್ರೆ ಎರಡನ್ನೂ ದೂರವಿಡಿ

ಲವಂಗದ ಎಣ್ಣೆ, ಅಡುಗೆ ಸೋಡಾ, ಉಪ್ಪು, ಇದ್ದಿಲು ಪುಡಿ ನಮ್ಮ ಹಲ್ಲಿಗೆ ಹಿತವೆನಿಸಿದರೂ ನಾಯಿಯ ಊದಿದ ವಸಡಿಗೂ ಹೊಟ್ಟೆಗೂ ತೊಂದರೆ ಕೊಡುತ್ತವೆ. ಬಾಯಿಗೆ ಸುಗಂಧದ ಸ್ಪ್ರೇ ಹೊಡೆದರೆ ಎಚ್ಚರಿಕೆಯ ಗಂಟೆಯೇ ಮುಚ್ಚಿಹೋಗುತ್ತದೆ. ಕ್ಲೋರ್‌ಹೆಕ್ಸಿಡಿನ್ ಇರುವ ತೊಳೆನೀರು ಬ್ಯಾಕ್ಟೀರಿಯಾ ಇಳಿಸುತ್ತದೆ, ಆದರೆ ನಾಯಿಗೆ ತಕ್ಕ ತಯಾರಿಕೆಯನ್ನು ವೈದ್ಯರು ಹೇಳಿದಂತೆ ಮಾತ್ರ ಬಳಸಿ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನಮ್ಮ ನೋವಿನ ಮಾತ್ರೆಗಳು ಪುಟ್ಟ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸಬಲ್ಲವು. ಪ್ಯಾರಾಸಿಟಮಾಲ್ ಕೂಡ ಸ್ವಂತ ಅಂದಾಜಿನಲ್ಲಿ ಕೊಡಬೇಡಿ. ಮೆಡಿಕಲ್ ಅಂಗಡಿಯಿಂದ ಆಂಟಿಬಯೋಟಿಕ್ ತಂದು ಕೊಟ್ಟರೆ ವಾಸನೆ ಕೆಲವು ದಿನ ಇಳಿಯುತ್ತದೆ, ಟಾರ್ಟರ್ ಮತ್ತು ಕೆಟ್ಟ ಹಲ್ಲು ಹಾಗೇ ಇರುವುದರಿಂದ ಮತ್ತೆ ಬರುತ್ತದೆ.

ಇನ್ನು ಕೆಲವು ಲಕ್ಷಣಗಳಿಗೆ ನಾಳೆ ಎನ್ನಬೇಡಿ: ಕಣ್ಣಿನ ಕೆಳಗೆ ಊತ, ನಿಲ್ಲದ ರಕ್ತ, ಒಂದು ದಿನ ಪೂರ್ತಿ ಊಟ ಬಿಟ್ಟಿರುವುದು, ಬಾಯಲ್ಲಿ ಬೇಗ ಬೆಳೆಯುವ ಕಪ್ಪು ಅಥವಾ ಕೆಂಪು ಗಂಟು. ದವಡೆ ಜೋತುಬಿದ್ದು, ಜೊಲ್ಲು ಸುರಿದು, ನೀರು ನುಂಗಲಾಗದೆ ವರ್ತನೆಯೂ ಬದಲಾಗಿದ್ದರೆ ಬಾಯಿಗೆ ಕೈ ಹಾಕಲೇಬೇಡಿ. ರೇಬಿಸ್‌ನಲ್ಲೂ ಹೀಗಾಗುತ್ತದೆ. ನಾಯಿಯನ್ನು ಪ್ರತ್ಯೇಕವಾಗಿಟ್ಟು ವೈದ್ಯರಿಗೆ ಫೋನ್ ಮಾಡಿ. ಅದರ ಜೊಲ್ಲು ಗಾಯಕ್ಕೆ ತಾಗಿದ್ದರೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ.

15. ಮನೆಗೆಲ್ಲ ಒಂದೇ ನಿಯಮ ಮಾಡಿ

ಮಗಳು ರಾತ್ರಿ ಬ್ರಷ್ ಮಾಡುತ್ತಾಳೆ, ಬೆಳಗ್ಗೆ ಕಾಫಿಯ ಹೊತ್ತಿಗೆ ತಾತ ಪ್ರೀತಿಯಿಂದ ಬಿಸ್ಕತ್ತು ಕೊಡುತ್ತಾರೆ, ಮಧ್ಯಾಹ್ನ ಅಜ್ಜಿ ಮೂಳೆ ಹಾಕುತ್ತಾರೆ. ಎಲ್ಲರದೂ ಅಕ್ಕರೆಯೇ. ಆ ಅಕ್ಕರೆ ಒಂದೇ ದಿಕ್ಕಿಗೆ ಹರಿಯಬೇಕು. ಎಲ್ಲರನ್ನೂ ಕೂರಿಸಿಕೊಂಡು ನಾಯಿಗೆ ನೋವಿದೆ ಎಂಬುದನ್ನು ತೋರಿಸಿ ಹೇಳಿ. ಹಿರಿಯರಿಗೆ ಬಿಸ್ಕತ್ತಿನ ಬದಲು ಕ್ಯಾರೆಟ್ ಚೂರಿನ ಡಬ್ಬಿ ಕೊಡಿ, ಕೊಡುವ ಸಂತೋಷ ಅವರಿಂದ ಕಸಿಯಬೇಡಿ. ಬ್ರಷ್ ಯಾರ ಹೊಣೆ ಎಂದು ಗೊತ್ತುಮಾಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಮಾಡಿದ ದಿನ ಗುರುತು ಹಾಕಿ. ವೈದ್ಯರ ಹಲ್ಲಿನ ತಪಾಸಣೆಯನ್ನು ಆರು ತಿಂಗಳಿಗೊಮ್ಮೆ ಅದರಲ್ಲೇ ಬರೆದಿಡಿ.

ಇಷ್ಟನ್ನೂ ಒಂದೇ ದಿನ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಇವತ್ತು ತುಟಿ ಎತ್ತಿ ನೋಡಿ ಫೋಟೊ ತೆಗೆಯಿರಿ. ಈ ವಾರ ವೈದ್ಯರ ಭೇಟಿ ಗೊತ್ತುಮಾಡಿ. ಚಿಕಿತ್ಸೆ ಮುಗಿದು ಗಾಯ ಮಾಗಿದ ಮೇಲೆ ಬೆರಳಿನಿಂದ ಆರಂಭಿಸಿ. ಬಾಯಿ ನೋಯುತ್ತಿದೆ ಎಂದು ನಾಯಿ ಹೇಳಲಾರದು. ಅದರ ಪರವಾಗಿ ನೋಡುವ, ಕೇಳುವ, ವೈದ್ಯರಲ್ಲಿಗೆ ಕರೆದೊಯ್ಯುವ ಹೊಣೆ ಅದನ್ನು ಸಾಕಿದ ನಮ್ಮದೇ.